ಕರ್ತವ್ಯದಲ್ಲಿ ಸತ್ತ ನಾಯಿಗೆ ಸಲ್ಲತಕ್ಕ ಮರ್ಯಾದೆ

ಪೊಲೀಸ್ ಇಲಾಖೆಯಲ್ಲಾಗಲಿ ದಂಡಿನಲ್ಲಾಗಲಿ ಕೆಲಸಕ್ಕಿರುವ ನಾಯಿಯು ಆ ಕೆಲಸದಲ್ಲಿಯೇ ಸತ್ತರೆ, ಅದರ ಶವದ ಮೇಲೆ ಹೂಮಾಲೆಗಳನ್ನಿಟ್ಟು, ಅಧಿಕಾರಿಗಳೂ ಸಿಪಾಯಿಗಳೂ ಸಾಲಾಗಿ ನಿಂತು ವಂದನೆ ಸಲ್ಲಿಸಿ, ಅದನ್ನು ಮಣ್ಣುಮಾಡುವ ಪದ್ಧತಿಯು ಈಗ ನಮ್ಮ ದೇಶದಲ್ಲಿ ನಡೆದು ಬರುತ್ತಿದೆ. ಇಂಥ ಸುದ್ದಿಯನ್ನು ಓದಿದವರಲ್ಲಿ ಕೆಲವರು ಕಣ್ಣೀರು ತರುವರು. ಕೆಲವರು, ನಾಯಿಗೂ ಇಷ್ಟು ಸಂಭ್ರಮವೋ ಎಂದು ನಗುವರು. ಇನ್ನು ಕೆಲವರು, ಹೊಟ್ಟೆಯ ಪಾಡಿಗಾಗಿ ಮೋರಿಯ ಗುಂಡಿಗಿಳಿದು ಸತ್ತ ಬಡವನ ಹೆಣದ ಹತ್ತಿರ ಯಾವ ಅಧಿಕಾರಿಯೂ ನಿಲ್ಲಲಿಲ್ಲ, ನಾಯಿಯ ಹೆಣಕ್ಕೆ ಮಾತ್ರ ಈ ಗೌರವವೋ ಎಂದು ಮನಸ್ಸಿನಲ್ಲಿ ಕುದಿಯುವರು. ಈ ಮೂರು ತರದವರಲ್ಲಿ ಯಾರ ಮಾತು ನ್ಯಾಯವಾದದ್ದು? ನಾಯಿಗೆ ಮರ್ಯಾದೆ ಸಲ್ಲತಕ್ಕದ್ದೋ? ಸಲ್ಲತಕ್ಕದ್ದಾದರೆ ಅದು ಎಂಥಾದ್ದಾಗಿರಬೇಕು? ಇದನ್ನು ಸ್ವಲ್ಪ ವಿಚಾರಿಸೋಣ.

ಈ ಪದ್ಧತಿಯು ಪರದೇಶದಿಂದ ನಿನ್ನೆ ಮೊನ್ನೆ ಬಂದದ್ದೆಂದು ಅನೇಕರು ನೆನಸುತ್ತಾರೆ. ಅದು ಹಾಗಲ್ಲ. ಬೆಂಗಳೂರಿನ ಪಡುವಣ ಭಾಗವಾದ ವಿಜಯನಗರದಲ್ಲಿ ಮೆಟ್ರೋ ರೈಲನ್ನು ಹತ್ತಿ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದರೆ, ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಕಸ್ತೂರಬಾ ರಸ್ತೆಯ ಸರಕಾರಿ ವಸ್ತುಸಂಗ್ರಹಾಲಯವುಂಟು. ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಆತಕೂರಿನಿಂದ ತಂದ ಒಂದು ಶಾಸನದ ಕಲ್ಲು ಆ ಸಂಗ್ರಹಕ್ಕೆ ಸೇರಿದೆ. ಅದು ಶಕ 872ರದು, ಅಂದರೆ ಕ್ರಿಸ್ತಶಕ 949-50ರ ಕಾಲದ್ದು. ಅದರಲ್ಲಿ ಒಂದು ನಾಯಿಯೂ ಒಂದು ಹಂದಿಯೂ ಕಾದಾಡುವಂತೆ ಕೆತ್ತಲ್ಪಟ್ಟಿದೆ.

ಆ ಕಲ್ಲು ತಿಳಿಸುವ ಸಂಗತಿ ಹೀಗಿದೆ. ರಾಷ್ಟ್ರಕೂಟ ಅರಸನಾದ ಮೂರನೆಯ ಕೃಷ್ಣನಿಗೂ ಚೋಳರಿಗೂ ತಕ್ಕೋಲವೆಂಬಲ್ಲಿ ಘೋರ ಯುದ್ಧವಾಯಿತು. ಕೃಷ್ಣನ ಪಕ್ಷದಲ್ಲಿದ್ದ ಗಂಗರ ಅರಸನಾದ ಇಮ್ಮಡಿ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದದ್ದರಿಂದ, ಬನವಾಸಿ ಮೊದಲಾದ ನಾಡುಗಳನ್ನು ಬಹುಮಾನವಾಗಿ ಪಡೆದನು. ಬೂತುಗನ ಸೇವಕನಾದ ಮಣಲೇರನೆಂಬ ವೀರನೂ ಆ ಯುದ್ಧದಲ್ಲಿ ಪರಾಕ್ರಮ ತೋರಿಸಿದನು. ಒಡೆಯನು ಮೆಚ್ಚಿ, ನಿನಗೆ ಬೇಕಾದ್ದನ್ನು ಬೇಡಿಕೋ ಎಂದಾಗ, ಅವನು ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದುಕೊಂಡನು. ಬಳಿಕ ಕೆಲಲೆ ನಾಡಿನ ಬೆಳತೂರಿನ ಪಡುವಣ ಗುಡ್ಡದಲ್ಲಿ ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಡಲಾಗಿ, ಹಂದಿಯೂ ನಾಯಿಯೂ ಒಂದಾಗಿ ಸತ್ತವು. ಆದಕಾರಣ ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲನ್ನು ನಿಲ್ಲಿಸಿ, ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗದ ಭೂಮಿಯನ್ನು ಅದಕ್ಕಾಗಿ ಬಿಟ್ಟರು.

ಈ ಸಂಗತಿಯಲ್ಲಿ ಗಮನಿಸತಕ್ಕ ವಿಷಯಗಳು ಮೂರುಂಟು. ಮೊದಲನೆಯದು, ಆ ಕಲ್ಲು ನಾಯಿಯ ಹೆಸರನ್ನು ಹೇಳುತ್ತದೆ. ಆ ಯುದ್ಧದಲ್ಲಿ ಸತ್ತ ಎಷ್ಟೋ ಸಾವಿರ ಕಾಲಾಳುಗಳ ಹೆಸರುಗಳು ಮಣ್ಣಾಗಿ ಹೋದರೂ ಕಾಳಿಯ ಹೆಸರು ಸಾವಿರ ವರುಷಗಳ ಮೇಲೂ ಓದಲ್ಪಡುತ್ತಿದೆ. ಎರಡನೆಯದು, ಅದು ನಡೆದದ್ದನ್ನು ಮಾತ್ರ ಹೇಳುತ್ತದೆ. ನಾಯಿಯು ರಾಜಭಕ್ತಿಯಿಂದ ಪ್ರಾಣ ಕೊಟ್ಟಿತೆಂದಾಗಲಿ, ಸ್ವರ್ಗಕ್ಕೆ ಹೋಯಿತೆಂದಾಗಲಿ ಅದರ ಬಾಯಿಗೆ ಮನುಷ್ಯನ ಮಾತನ್ನು ಇಡಲಿಲ್ಲ. ಮೂರನೆಯದು, ಮರ್ಯಾದೆಯು ಬರೇ ಮಾತಿನಲ್ಲಿ ನಿಲ್ಲದೆ, ಅದನ್ನು ಉಳಿಸಿಕೊಂಡು ಹೋಗುವದಕ್ಕೆ ಭೂಮಿಯೂ ಗೊತ್ತುಮಾಡಲ್ಪಟ್ಟಿತು.

ಆ ಕಲ್ಲಿನಲ್ಲಿ ನಾವು ಒಪ್ಪಲಾರದ ಒಂದು ಕಟ್ಟಳೆಯೂ ಉಂಟು. ಭೂಮಿಯನ್ನು ಅನುಭವಿಸುವ ಪೂಜಾರಿಯು ಆ ಕಲ್ಲನ್ನು ಪೂಜಿಸದೆ ಉಂಡರೆ, ನಾಯಿ ಮಾಡಿದ ಪಾಪವು ಅವನಿಗೆ ತಗಲುವದೆಂದು ಅದು ಎಚ್ಚರಿಸುತ್ತದೆ. ಸೃಷ್ಟಿಗೆ ಸಲ್ಲದ ಆರಾಧನೆಯನ್ನು ನಾವು ಸೃಷ್ಟಿಗೆ ಕೊಡಲಾರೆವು. ಆದರೆ ಆರಾಧನೆ ಬೇರೆ, ಕೃತಜ್ಞತೆ ಬೇರೆ. ಪೂಜಿಸಬಾರದೆಂಬ ಕಾರಣದಿಂದ ನೆನಸಲೂ ಬಾರದೆಂದು ಹೇಳುವವನು ಒಂದು ತಪ್ಪಿನಿಂದ ಓಡಿ ಇನ್ನೊಂದರಲ್ಲಿ ಬೀಳುವನು.

ಇನ್ನು ಈ ಕಾಲದ ನಾಯಿಗಳ ವಿಷಯಕ್ಕೆ ಬರೋಣ. ಮನುಷ್ಯನ ಮೂಗಿನಲ್ಲಿ ವಾಸನೆಯನ್ನು ಗ್ರಹಿಸುವ ಕಣಗಳು ಸುಮಾರು 50 ಲಕ್ಷವಿದ್ದರೆ ನಾಯಿಯಲ್ಲಿ 20 ಕೋಟಿಗೂ ಹೆಚ್ಚೆಂದು ವಿದ್ವಾಂಸರು ಹೇಳುತ್ತಾರೆ. ಈ ಕಾರಣದಿಂದಲೇ ಪೊಲೀಸಿನವರು ಶ್ವಾನದಳಗಳನ್ನು ಇಟ್ಟುಕೊಂಡಿರುವರು. ದಾವಣಗೆರೆಯ ಪೊಲೀಸಿನವರಲ್ಲಿದ್ದ ತುಂಗಾ ಎಂಬ ಡಾಬರ್ಮನ್ ಜಾತಿಯ ಹೆಣ್ಣುನಾಯಿಯು 2019ರಲ್ಲಿ ಒಬ್ಬ ಕೊಲೆಗಾರನ ಜಾಡು ಹಿಡಿದು ಸುಮಾರು 12 ಕಿಲೋಮೀಟರ್ ಓಡಿ, ಅವನಿದ್ದ ಸ್ಥಳವನ್ನು ತೋರಿಸಿತು. ಅದು ಸತ್ತ ಬಳಿಕ ಅದೇ ದಳದ ಇನ್ನೊಂದು ನಾಯಿಗೆ ತುಂಗಾ 2 ಎಂಬ ಹೆಸರಾಯಿತು. ಆ ಎರಡನೆಯ ತುಂಗಾ 2024ರಲ್ಲಿ ಮಳೆಯ ನಡುವೆ ಜಾಡು ಹಿಡಿದು ಓಡಿ, ಸಾಯುವದರಲ್ಲಿದ್ದ ಒಬ್ಬ ಸ್ತ್ರೀಯ ಪ್ರಾಣವನ್ನು ಉಳಿಸಿತು. ಮುಂಬಯಿಯಲ್ಲಿ 1993ರ ಸ್ಫೋಟಗಳ ಕಾಲದಲ್ಲಿ ಜಂಜೀರ್ ಎಂಬ ಲ್ಯಾಬ್ರಡಾರ್ ನಾಯಿಯು 3000 ಕಿಲೋಗ್ರಾಮಿಗೂ ಹೆಚ್ಚಿನ ಸಿಡಿಮದ್ದನ್ನು ಹುಡುಕಿ ಕೊಟ್ಟಿತು. ಅದು 2000ದಲ್ಲಿ ರೋಗದಿಂದ ಸತ್ತಾಗ ಪೊಲೀಸಿನವರು ಗೌರವದಿಂದ ಅದನ್ನು ಮಣ್ಣುಮಾಡಿದರು.

ಕೆಲಸದ ನಡುವೆಯೇ ಪ್ರಾಣ ಬಿಟ್ಟವುಗಳೂ ಉಂಟು. 2015ರ ನವೆಂಬರಿನಲ್ಲಿ ಫ್ರಾನ್ಸಿನ ಸಾಂ ದೆನಿ ಎಂಬಲ್ಲಿ ಭಯೋತ್ಪಾದಕರು ಅಡಗಿದ್ದ ಮನೆಗೆ ಪೊಲೀಸಿನವರು ನುಗ್ಗಿದಾಗ ಡೀಸೆಲ್ ಎಂಬ ಅವರ ನಾಯಿ ಸತ್ತಿತು. ನಮ್ಮ ದಂಡಿನ ಆಕ್ಸೆಲ್ ಎಂಬ ನಾಯಿಯು 2022ರ ಜುಲೈಯಲ್ಲಿ ಕಾಶ್ಮೀರದ ಬಾರಾಮುಲ್ಲಾ ಜಿಲ್ಲೆಯಲ್ಲಿ ಗುಂಡು ತಗಲಿ ಸತ್ತಿತು. 2023ರ ಸೆಪ್ಟೆಂಬರಿನಲ್ಲಿ ರಾಜೌರಿಯಲ್ಲಿ ಕೆಂಟ್ ಎಂಬ ಆರು ವರುಷದ ಹೆಣ್ಣುನಾಯಿಯು ತನ್ನನ್ನು ನಡಿಸುತ್ತಿದ್ದ ಸಿಪಾಯಿಗೆ ಅಡ್ಡವಾಗಿ, ಅವನಿಗೆ ತಗಲತಕ್ಕ ಗುಂಡುಗಳಿಗೆ ತಾನು ಬಲಿಯಾಯಿತು.

ಇದಕ್ಕೆ ಬುದ್ಧಿವಂತರು ಒಂದು ಆಕ್ಷೇಪವನ್ನು ತರುವರು. ನಾಯಿಗೆ ದೇಶವೂ ತಿಳಿಯದು, ಕಾನೂನೂ ತಿಳಿಯದು. ಸಿಡಿಮದ್ದನ್ನು ಹುಡುಕುವ ನಾಯಿಗೆ ಅದು ಸಿಡಿಯುವ ವಸ್ತುವೆಂಬ ಅರಿವೇ ಇಲ್ಲ. ಆ ವಾಸನೆಯನ್ನು ಹಿಡಿದು ಕುಳಿತರೆ ಯಜಮಾನನು ಚೆಂಡನ್ನು ಕೊಡುವನು, ಬೆನ್ನು ಸವರುವನು ಎಂಬದಷ್ಟೇ ಅದಕ್ಕೆ ಗೊತ್ತು. ಹೀಗಿರುವಲ್ಲಿ ಅದನ್ನು ಹುತಾತ್ಮವೆಂದು ಕರೆಯುವದು ಹುಚ್ಚಲ್ಲವೋ? ಎಂದು ಅವರು ಕೇಳುತ್ತಾರೆ. ಅವರು ಹೇಳುವ ಸಂಗತಿ ನಿಜ. ಆದರೆ ಅದರಿಂದ ಅವರು ತೆಗೆಯುವ ತೀರ್ಮಾನವು ನಿಜವಲ್ಲ. ಅಪಾಯವನ್ನು ಬಲ್ಲವನು ತಾನಾಗಿ ಅದರೊಳಗೆ ಹೋದರೆ ಅವನ ಪಾಲಿನ ಹೊಣೆಯನ್ನು ಅವನೇ ಹೊತ್ತಂತಾಯಿತು. ಅಪಾಯವನ್ನರಿಯದ ಪ್ರಾಣಿಯನ್ನು, ಅರಿತ ನಾವು, ಅದು ನಮ್ಮನ್ನು ನಂಬಿದೆ ಎಂಬ ಒಂದೇ ಕಾರಣದಿಂದ ಮುಂದಕ್ಕೆ ಬಿಟ್ಟರೆ, ಹೊಣೆಯೆಲ್ಲಾ ನಮ್ಮ ಮೇಲೆಯೇ ಬೀಳುವದು. ನಾಯಿಗೆ ತಿಳಿಯದೆಂಬದು ನಮ್ಮ ಸಾಲವನ್ನು ಕಡಿಮೆ ಮಾಡುವದಿಲ್ಲ, ಹೆಚ್ಚಿಸುತ್ತದೆ. ಓದು ಬಾರದವನ ಹೆಬ್ಬೆಟ್ಟನ್ನು ಒತ್ತಿಸಿಕೊಂಡು ಸಾಲ ಪಡೆದವನು, ಅವನಿಗೆ ಲೆಕ್ಕ ತಿಳಿಯದೆಂದು ತೀರಿಸದೆ ಇದ್ದರೆ ನಾವು ಅವನನ್ನು ಏನೆನ್ನುವೆವು?

ಹೀಗಿರುವದರಿಂದ ಸತ್ತ ನಾಯಿಗೆ ಮಾಡುವ ವಂದನೆಯು ನಾಯಿಗೆ ಕೊಡುವ ಬಹುಮಾನವಲ್ಲ. ಹೂಮಾಲೆಯನ್ನು ಅದು ನೋಡದು, ಕಹಳೆಯನ್ನು ಅದು ಕೇಳದು. ಅದು ನಮ್ಮ ಸಾಲವನ್ನು ನಾವು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳುವ ರೀತಿಯಾಗಿದೆ.

ಹಾಗಾದರೆ ಮನುಷ್ಯರಿಗೂ ನಾಯಿಗೂ ಒಂದೇ ಮರ್ಯಾದೆಯೋ? ಹಾಗೆಂದು ನಾವು ಹೇಳುವದಿಲ್ಲ. 1959ರ ಅಕ್ಟೋಬರ್ 21ರಲ್ಲಿ ಲಡಾಖಿನ ಹಾಟ್ ಸ್ಪ್ರಿಂಗ್ಸ್ ಎಂಬಲ್ಲಿ ಪೊಲೀಸಿನವರು ಚೀನಾದ ಸಿಪಾಯಿಗಳ ಗುಂಡಿಗೆ ಸತ್ತ ನೆನಪಿಗಾಗಿ, ಪ್ರತಿ ವರುಷ ಆ ದಿನದಲ್ಲಿ ಸೇವೆಯಲ್ಲಿ ಮಡಿದ ಪೊಲೀಸಿನವರ ಹೆಸರುಗಳನ್ನು ಓದುತ್ತಾರೆ. ಬೆಂಗಳೂರಿನಲ್ಲಿ ಈ ಸ್ಮರಣೆಯು ವಿಜಯನಗರಕ್ಕೆ ಸಮೀಪದ ಮೈಸೂರು ರಸ್ತೆಯಲ್ಲಿರುವ ಹುತಾತ್ಮರ ಸ್ಮಾರಕದ ಬಳಿ ನಡೆಯುತ್ತದೆ. ಆ ಪಟ್ಟಿಯಲ್ಲಿ ನಾಯಿಯ ಹೆಸರನ್ನು ಸೇರಿಸಬಾರದೆಂದೇ ನಮ್ಮ ಅಭಿಪ್ರಾಯ. ಅಲ್ಲಿ ಹೆಸರಿಸಲ್ಪಡುವವನು ಪ್ರಮಾಣಮಾಡಿ ಸೇವೆಗೆ ಸೇರಿದವನು; ಹಿಂದಿರುಗುವದು ಸಂಶಯವೆಂದು ಬಲ್ಲವನು; ಅವನ ಹೆಂಡತಿ ಮಕ್ಕಳು ಆ ಹೆಸರನ್ನು ಕೇಳುತ್ತಾ ಅಲ್ಲಿ ನಿಂತಿರುವರು. ರಕ್ತಸಾಕ್ಷಿ ಎಂಬ ಮಾತಿನಲ್ಲಿ ಸಾಕ್ಷಿ ಎಂಬದುಂಟು; ಸಾಕ್ಷಿ ಹೇಳುವವನಿಗೆ ತಿಳಿವಳಿಕೆ ಬೇಕು. ನಾಯಿಗೆ ಅದರದೇ ಸ್ಥಳ, ಅದರದೇ ಕಲ್ಲು, ಅದರದೇ ಹೆಸರು ಇರಲಿ. ಇಲ್ಲದ ದೊಡ್ಡಸ್ತಿಕೆಯನ್ನು ಹೊರಿಸಿದರೆ, ಇದ್ದ ಒಳ್ಳೇತನವು ಮರೆಯಾಗುವದು.

ಸಿಟ್ಟಾಗುವವರ ಮಾತಿಗೂ ಉತ್ತರ ಹೇಳಬೇಕು. ಅದು ಸುಮ್ಮನೆ ತಳ್ಳಿಬಿಡುವ ಮಾತಲ್ಲ. ನಾಯಿಯನ್ನು ಒಳಗೆ ಬಿಟ್ಟು ಮನುಷ್ಯನನ್ನು ಹೊರಗೆ ನಿಲ್ಲಿಸಿದ ಬಾಗಿಲುಗಳು ನಮ್ಮ ನಾಡಿನಲ್ಲಿದ್ದವು. ನಾಯಿ ಎಂಬ ಬೈಗಳನ್ನು ಕೇಳಿ ಬೆಳೆದ ಹಿರಿಯರು ನಮ್ಮ ಸಭೆಗಳಲ್ಲಿಯೂ ಉಂಟು. ಅಂಥವರು, ಮೊದಲು ನಮ್ಮನ್ನು ಮನುಷ್ಯರೆಂದು ಕಾಣಿರಿ, ಆ ಮೇಲೆ ನಾಯಿಗೆ ಕಲ್ಲು ನೆಡಿರಿ ಎಂದರೆ ಅದು ನ್ಯಾಯವೇ. ಆದರೆ ನಾಯಿಯಿಂದ ಕಸಿದುಕೊಂಡ ಮರ್ಯಾದೆಯು ಬಡವನ ಮನೆಗೆ ಬಂದು ಸೇರುವದೋ? ಎಂದಿಗೂ ಸೇರದು. ಬಡವನ ಹೆಣವನ್ನು ತಿರುಗಿ ನೋಡದವನ ಮನಸ್ಸು ಕಲ್ಲಾಗಿರುವದು ನಾಯಿಯ ದೆಸೆಯಿಂದಲ್ಲ. ಉಪಕಾರ ಸ್ಮರಣೆಯನ್ನು ಒಂದು ಕಡೆ ಕಲಿತವನು ಇನ್ನೊಂದು ಕಡೆಯಲ್ಲಿಯೂ ಅದನ್ನು ಕಲಿಯಬಹುದು. ನಾಯಿಯ ಮೇಲೆ ಹೂವಿಟ್ಟ ಅಧಿಕಾರಿಯು ಮೋರಿಯಲ್ಲಿ ಸತ್ತವನ ಮನೆಗೂ ಹೋಗಲಿ ಎಂದು ಕೇಳುವದೇ ಸರಿ. ನಾಯಿಯ ಮೇಲಿನ ಹೂವನ್ನು ತೆಗೆಯಿರೆಂದು ಕೇಳುವದರಿಂದ ಯಾರಿಗೂ ಲಾಭವಿಲ್ಲ.

ಕಾನೂನು ಈ ವಿಷಯದಲ್ಲಿ ಇನ್ನೂ ಹಿಂದೆ ಉಳಿದದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನ ಪ್ರಕಾರ ಪ್ರಾಣಿಯನ್ನು ಕೊಂದವನಿಗೂ ಊನಗೊಳಿಸಿದವನಿಗೂ ಐದು ವರುಷಗಳ ವರೆಗೆ ಸೆರೆಮನೆಯಾಗಬಹುದು. ಆದರೆ ಆ ಅಪರಾಧವನ್ನು ಸ್ವತ್ತಿಗೆ ಮಾಡಿದ ಹಾನಿಗಳ ಸಾಲಿನಲ್ಲಿಯೇ ಇಟ್ಟಿದ್ದಾರೆ. ಇಂಗ್ಲೆಂಡಿನಲ್ಲಿಯೂ ಪೊಲೀಸ್ ನಾಯಿಯನ್ನು ಇರಿಯುವದು ಕಿಟಕಿಯ ಗಾಜು ಒಡೆದ ಹಾಗೆ ಎಣಿಸಲ್ಪಡುತ್ತಿತ್ತು. ಫಿನ್ ಎಂಬ ನಾಯಿಯು 2016ರಲ್ಲಿ ಇರಿತಕ್ಕೆ ಒಳಗಾಗಿ ಬದುಕಿದ ಮೇಲೆ, 2019ರಲ್ಲಿ ಅಲ್ಲಿ ಬೇರೆ ಕಾಯಿದೆ ಮಾಡಲ್ಪಟ್ಟಿತು. ನಾಯಿಯು ಮನುಷ್ಯನಲ್ಲ, ಸರಿ. ಹಾಗೆಂದು ಅದು ಕುರ್ಚಿಯೂ ಅಲ್ಲ. ಅದಕ್ಕೆ ನೋವುಂಟು, ಭಯವುಂಟು, ನಂಬಿಕೆಯುಂಟು.

ಇನ್ನು ಈ ವಿಚಾರದ ಮುಖ್ಯ ಭಾಗಕ್ಕೆ ಬಂದೆವು. ಕೆಲಸ ಮಾಡಲಾರದಷ್ಟು ಮುದಿಯಾದ ನಾಯಿಗಳನ್ನು ಮದ್ದು ಕೊಟ್ಟು ಕೊಲ್ಲುವ ಪದ್ಧತಿಯು ನಮ್ಮ ದೇಶದ ದಂಡಿನಲ್ಲಿ ಬಹುಕಾಲವಿತ್ತು. 2015ರಲ್ಲಿ ಇದು ಜನರಿಗೆ ತಿಳಿದು ಆಕ್ಷೇಪಗಳೆದ್ದ ಮೇಲೆ ಆ ಕ್ರಮವು ಬದಲಾಯಿತು; ಮೀರತ್ತಿನಲ್ಲಿ ಮುದಿ ನಾಯಿಗಳಿಗೆ ಆಶ್ರಯವೂ, ಸಾಕುವ ಮನಸ್ಸುಳ್ಳವರಿಗೆ ಅವುಗಳನ್ನು ಒಪ್ಪಿಸುವ ಏರ್ಪಾಡೂ ಉಂಟಾದವು. ಹಿಂದಿನ ಆ ಕ್ರಮವನ್ನು ಯೋಚಿಸಿ ನೋಡಿರಿ. ಒಂದೇ ಮನೆಯ ಎರಡು ನಾಯಿಗಳು ಎಂಟು ವರುಷ ಒಂದೇ ಕೆಲಸ ಮಾಡಿದವು. ಒಂದಕ್ಕೆ ಶತ್ರುವಿನ ಗುಂಡು ತಗಲಿತು, ಅದಕ್ಕೆ ಹೂಮಾಲೆ. ಇನ್ನೊಂದು ಗುಂಡಿನಿಂದ ತಪ್ಪಿಸಿಕೊಂಡು ಹಿಂದಿರುಗಿತು, ಕಾಲು ಸೋತಿತು. ಅದಕ್ಕೆ ನಮ್ಮ ಕೈಯಿಂದಲೇ ಸೂಜಿ. ಮೊದಲನೆಯದಕ್ಕೆ ಮಾಡಿದ ವಂದನೆಯು ಎರಡನೆಯದರ ಮುಂದೆ ನಿಲ್ಲಬಲ್ಲದೋ? ಸತ್ತದ್ದಕ್ಕೆ ಹೂವೂ ಬದುಕಿದ್ದಕ್ಕೆ ಮರಣವೂ ಆಗಿರುವಲ್ಲಿ ಆ ಹೂವು ನೋಡುವವರ ಕಣ್ಣಿಗಾಗಿಯೇ ಹೊರತು ನಾಯಿಗಾಗಿ ಅಲ್ಲ.

ಆದದರಿಂದ ನಾವು ತಿಳಿದ ಮಟ್ಟಿಗೆ ಸತ್ಯವಾದ ಮರ್ಯಾದೆಗೆ ಮೂರು ಗುರುತುಗಳುಂಟು. ಬದುಕಿರುವಾಗ ಅದನ್ನು ನಿಷ್ಕಾರಣವಾಗಿ ಅಪಾಯಕ್ಕೆ ಒಡ್ಡದೆ, ಹೊಟ್ಟೆತುಂಬ ಕೂಳನ್ನೂ ಗಾಯಕ್ಕೆ ಮದ್ದನ್ನೂ ಕೊಡುವದು ಒಂದು. ಮುದಿಯಾದಾಗ ಬೀದಿಗೆ ತಳ್ಳದೆ ಕಡೇ ವರೆಗೆ ಸಾಕುವದು ಎರಡು. ಸತ್ತಾಗ ಅದರ ಹೆಸರನ್ನು ಹೇಳಿ, ಅದು ಮಾಡಿದ್ದನ್ನು ಹೆಚ್ಚಿಸದೆ ಕುಂದಿಸದೆ ತಿಳಿಸಿ, ಗೌರವದಿಂದ ಮಣ್ಣುಮಾಡುವದು ಮೂರು. ಮೊದಲಿನ ಎರಡು ಇಲ್ಲದಿದ್ದರೆ ಮೂರನೆಯದು ಬರೇ ಆಟವಾಗುವದು.

ಪ್ರಿಯರೇ, ಶ್ವಾನದಳವಿರುವದು ಪಟ್ಟಣದಲ್ಲಿ, ಅದರಿಂದ ನಮಗೇನು ಎನ್ನಬೇಡಿರಿ. ನಿಮ್ಮ ಕಣದಲ್ಲಿ ರಾತ್ರಿಯೆಲ್ಲಾ ಎಚ್ಚರವಾಗಿದ್ದು ಹಂದಿಯನ್ನು ಬೊಗಳಿ ಓಡಿಸುವ ನಾಯಿಯೂ ಕೆಲಸದ ನಾಯಿಯೇ. ಚಿರತೆಯು ಕೊಟ್ಟಿಗೆಯ ಹತ್ತಿರ ಬಂದಾಗ ಮೊದಲು ಮುಂದೆ ನಿಲ್ಲುವದು ಅದೇ. ಅದಕ್ಕೆ ಹಲ್ಲು ಉದುರಿ ಕಣ್ಣು ಮಂಜಾದಾಗ, ದೂರದ ಸಂತೆಗೆ ಗಾಡಿಯಲ್ಲಿ ಒಯ್ದು ಬಿಟ್ಟುಬರುವ ಮನೆಗಳು ನಮ್ಮ ಹಳ್ಳಿಗಳಲ್ಲಿ ಇಲ್ಲವೋ? ಹತ್ತು ವರುಷ ನೇಗಿಲು ಎಳೆದ ಎತ್ತಿನ ಗತಿಯೂ ಅನೇಕ ಕಡೆಗಳಲ್ಲಿ ಹಾಗೆಯೇ ಉಂಟು. ನಾವು ಅವುಗಳಿಗೆ ಕಲ್ಲು ನೆಡಬೇಕಾಗಿಲ್ಲ, ಭೂಮಿ ಬಿಡಬೇಕಾಗಿಲ್ಲ. ಮಣಲೇರನ ಕಾಳಿಗೆ ಎರಡು ಖಂಡುಗದ ಭೂಮಿ ಸಿಕ್ಕಿತು. ನಮ್ಮ ಬಾಗಲಿನ ಮುದಿ ನಾಯಿಗೆ ದಿನಕ್ಕೊಂದು ರಾಗಿಮುದ್ದೆಯ ತುಂಡೂ ಮಲಗುವದಕ್ಕೆ ಒಂದು ಗೋಣಿಚೀಲವೂ ಸಿಕ್ಕಿದರೆ ಸಾಕು. ಅಷ್ಟನ್ನು ಕೊಡುವ ಮನೆಯವರು, ಅಧಿಕಾರಿಗಳು ಸಾಲಾಗಿ ನಿಂತು ವಂದಿಸುವದನ್ನು ಓದಿದಾಗ ನಗುವದೂ ಇಲ್ಲ, ಸಿಟ್ಟಾಗುವದೂ ಇಲ್ಲ. ಅವರೂ ನಮ್ಮ ಹಾಗೆ ಸಾಲಗಾರರೆಂದು ತಿಳಿದುಕೊಳ್ಳುವರು.