ಗುಟ್ಟು ಯಾರ ಸೊತ್ತು?

ನಾಳೆ ನನ್ನ ಎದುರು ಆಡುವವನಿಗೆ ನನ್ನ ಒಳ್ಳೆಯ ಹೊಡೆತದ ಗುಟ್ಟನ್ನು ನಾನೇ ಹೇಳಿಕೊಡಬೇಕೆ? ವಿದ್ಯೆ ಕೊಟ್ಟಷ್ಟೂ ಹೆಚ್ಚುತ್ತದೆ ಎಂಬ ಮಾತನ್ನು ನಾವೆಲ್ಲ ಶಾಲೆಯ ಗೋಡೆಯ ಮೇಲೆ ಓದಿದ್ದೇವೆ. ಆದರೆ ಆಟದಲ್ಲಿ ಆ ಮಾತು ಅಷ್ಟು ಸಲೀಸಲ್ಲ. ನಾನು ಕಲಿಸಿದ್ದರಿಂದಲೇ ನಾನು ಸೋಲಬಹುದು. ಬಿಲಿಯರ್ಡ್ಸ್ ಆಟದಲ್ಲಿ ಈ ಸಂಕಟ ಚೆನ್ನಾಗಿ ಕಾಣುತ್ತದೆ.

ಹನ್ನೆರಡು ಅಡಿ ಉದ್ದ, ಆರು ಅಡಿ ಅಗಲದ ಮೇಜು, ಮೂರು ಚೆಂಡು. ಕ್ಯೂ ಚೆಂಡಿನ ನಡುವನ್ನು ಎದುರಿನ ಚೆಂಡಿನ ಅಂಚಿಗೆ ಗುರಿಯಿಟ್ಟು ಹೊಡೆದರೆ ಅದಕ್ಕೆ 'ಹಾಫ್ ಬಾಲ್' ಎನ್ನುತ್ತಾರೆ. ಉರುಳುತ್ತ ಹೋದ ಕ್ಯೂ ಚೆಂಡು ಆಗ ತನ್ನ ದಾರಿಯಿಂದ ಮೂವತ್ತು ಡಿಗ್ರಿಗಿಂತ ತುಸು ಹೆಚ್ಚು ಹೊರಳುತ್ತದೆ. ಗುರಿ ಕೂದಲೆಳೆಯಷ್ಟು ತಪ್ಪಿದರೂ ಈ ಕೋನ ಹೆಚ್ಚು ಬದಲಾಗುವುದಿಲ್ಲ. ಇಡೀ ಆಟ ಈ ಒಂದು ಔದಾರ್ಯದ ಮೇಲೆ ನಿಂತಿದೆ.

ಇಂಥ ತಿಳಿವಳಿಕೆ ಬಹುಕಾಲ ಕ್ಲಬ್ಬುಗಳ ಬಾಗಿಲೊಳಗೇ ಇತ್ತು. ಸ್ನೂಕರ್ ಹುಟ್ಟಿದ್ದೇ 1875ರಲ್ಲಿ, ಜಬಲ್ಪುರದ ಬ್ರಿಟಿಷ್ ಸೇನಾಧಿಕಾರಿಗಳ ಮೆಸ್ಸಿನಲ್ಲಿ. 1958ರಲ್ಲಿ ವಿಲ್ಸನ್ ಜೋನ್ಸ್ ಕಲ್ಕತ್ತದಲ್ಲಿ ವಿಶ್ವ ಅಮೆಚೂರ್ ಬಿಲಿಯರ್ಡ್ಸ್ ಗೆದ್ದ ಮೇಲೂ ಮೇಜುಗಳು ಎಲ್ಲರ ಕೈಗೆ ಸಿಗಲಿಲ್ಲ. ನಮ್ಮ ರಾಜ್ಯದಲ್ಲಿ ಆಟದ ನೆಲೆ ಬೆಂಗಳೂರು. ಅಲ್ಲಿ ಅರವಿಂದ ಸವೂರರ ಮಾರ್ಗದರ್ಶನದಲ್ಲಿ ಬೆಳೆದ ಪಂಕಜ್ ಆಡ್ವಾಣಿ 2003ರಲ್ಲಿ ವಿಶ್ವ ಅಮೆಚೂರ್ ಸ್ನೂಕರ್ ಗೆದ್ದರು. ಹುಬ್ಬಳ್ಳಿಯ ಹುಡುಗನಿಗೆ ಅಂಥ ಗುರು ಸಿಗಬೇಕಾದರೆ ಒಂದು ರಾತ್ರಿಯ ಬಸ್ಸು ಹತ್ತಬೇಕಿತ್ತು. ಹುಡುಗಿಗಂತೂ ಪಾರ್ಲರಿನ ಬಾಗಿಲು ದಾಟುವುದೇ ಮೊದಲ ಪಂದ್ಯ. ಈಗ ಇಬ್ಬರೂ ಅದೇ ಹಾಫ್ ಬಾಲನ್ನು ಮೊಬೈಲಿನಲ್ಲಿ ನಿಧಾನಗತಿಯಲ್ಲಿ ಹತ್ತು ಸಲ ನೋಡಬಹುದು. ಇದು ಸಣ್ಣ ನ್ಯಾಯವಲ್ಲ.

ಹಾಗಾದರೆ ಹಂಚಿಕೆಯ ಪ್ರಶ್ನೆ ಮುಗಿಯಿತೆ? ತತ್ತ್ವಶಾಸ್ತ್ರ ಓದುವವರಿಗೆ ಬಿಲಿಯರ್ಡ್ಸ್ ಚೆಂಡು ಹಳೆಯ ಪರಿಚಯ. ಡೇವಿಡ್ ಹ್ಯೂಮ್ 1748ರಲ್ಲಿ ಹೇಳಿದ್ದು ಇಷ್ಟು: ಒಂದು ಚೆಂಡು ಇನ್ನೊಂದಕ್ಕೆ ತಾಗಿದರೆ ಏನಾಗುತ್ತದೆಂದು ಬರೀ ಯೋಚನೆಯಿಂದ ತಿಳಿಯದು, ಅನುಭವವೇ ಹೇಳಬೇಕು. ಇನ್ನೂರು ವರ್ಷಗಳ ನಂತರ ಗಿಲ್ಬರ್ಟ್ ರೈಲ್ 'ಹೀಗಿದೆ' ಎಂದು ತಿಳಿಯುವುದು ಬೇರೆ, 'ಹೀಗೆ ಮಾಡುವುದು' ತಿಳಿಯುವುದು ಬೇರೆ ಎಂದ. ವಿಡಿಯೊ ಮೊದಲನೆಯದನ್ನು ಧಾರಾಳವಾಗಿ ಕೊಡುತ್ತದೆ. ಎರಡನೆಯದಕ್ಕೆ ಮೇಜು ಬೇಕು. ಮೇಜಿಗೆ ಗಂಟೆಯ ಲೆಕ್ಕದ ಬಾಡಿಗೆ ಇದೆ. ತಿಳಿವಳಿಕೆ ಪುಕ್ಕಟೆಯಾಯಿತೆಂದು ನಾವು ಸಂಭ್ರಮಿಸುವಾಗ ಈ ಬಾಡಿಗೆಯನ್ನು ಮರೆಯುತ್ತೇವೆ.

ಇನ್ನೊಂದು ಮಾತೂ ಇದೆ. ಆಷಾಢದ ಜಿಟಿಜಿಟಿ ಮಳೆಯಲ್ಲಿ ಮೇಜಿನ ಬಟ್ಟೆ ತೇವ ಹೀರಿ ಚೆಂಡು ನಿಧಾನವಾಗುತ್ತದೆ. ಆ ಮೇಜಿನ ಯಾವ ಕುಶನ್ ಸತ್ತಿದೆ ಎಂಬುದು ಅಲ್ಲಿ ಆಡಿದವರಿಗೇ ಗೊತ್ತು. ಹೊಡೆಯುವ ಕ್ಷಣದಲ್ಲಿ ನನ್ನ ತಲೆ ಏಳುತ್ತದೆಂಬುದು ನನಗೆ ಕಾಣುವುದಿಲ್ಲ, ಪಕ್ಕದಲ್ಲಿ ನಿಂತವನಿಗೆ ಕಾಣುತ್ತದೆ. ಅವನು ತನ್ನ ಮೊಬೈಲನ್ನು ಚಾಂಪಿಯನ್ನನಿಂದ ನನ್ನ ಕಡೆ ತಿರುಗಿಸಿ, ನಾಲ್ಕು ಹೊಡೆತ ಚಿತ್ರಿಸಿ, "ಇಲ್ನೋಡಪಾ" ಎಂದು ತೋರಿಸಿದರೆ ಅದೇ ನಿಜವಾದ ದಾನ. ಮಾಹಿತಿ ಅಗ್ಗವಾಗಿದೆ, ಗಮನ ತುಟ್ಟಿಯಾಗಿದೆ. ಸಮುದಾಯ ಹುಟ್ಟುವುದು ತುಟ್ಟಿಯಾದದ್ದನ್ನು ಹಂಚಿಕೊಂಡಾಗ.

ಈ ಮಾತು ನಮ್ಮ ಊರುಗಳಿಗೆ ಹೊಸದಲ್ಲ. ಅಲ್ಲಾದಿಯಾ ಖಾನರು ತಮ್ಮ ಗಾಯನದ ಧ್ವನಿಮುದ್ರಣ ಬಿಟ್ಟುಹೋಗಲಿಲ್ಲ. ಆದರೂ ಅವರ ಗಾಯಕಿ ಮಕ್ಕಳಾದ ಮಂಜಿ ಖಾನ್, ಭೂರ್ಜಿ ಖಾನರ ಮೂಲಕ ಧಾರವಾಡದ ಮಲ್ಲಿಕಾರ್ಜುನ ಮನಸೂರರಿಗೆ ಬಂತು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಎದುರು ಕೂತು ಕಲಿತರು. ಹಾಗೆಂದು ಹಳೆಯ ಪದ್ಧತಿಯೇ ಲೇಸೆಂದು ನಾನು ಹೇಳುತ್ತಿಲ್ಲ. ಗುರುವಿನ ಮನೆಯ ಬಾಗಿಲು ಎಷ್ಟೋ ಜನರಿಗೆ ತೆರೆಯಲೇ ಇಲ್ಲ. ತಂತ್ರಜ್ಞಾನ ಬಾಗಿಲು ತೆರೆಯುತ್ತದೆ, ಒಳಗೆ ಕೂರಿಸಿಕೊಳ್ಳುವುದು ಮನುಷ್ಯರ ಕೆಲಸ.

ಕಲಿಸಿಯೇ ಹೊಟ್ಟೆ ಹೊರೆಯುವವನ ಪಾಡೇನು? ಅವನು ಸಂಬಳ ಕೇಳುವುದು ತಪ್ಪಲ್ಲ, ಅವನು ಮಾರುವುದು ತನ್ನ ಸಮಯವನ್ನು. ನನ್ನ ತಕರಾರು ಗೆಲ್ಲುವುದಕ್ಕೆಂದೇ ಗುಟ್ಟನ್ನು ಬಚ್ಚಿಡುವವನ ಬಗ್ಗೆ. ಆ ಗುಟ್ಟು ಅವನಿಗೂ ಯಾರೋ ಕೊಟ್ಟದ್ದು. ಮುಖ ಕಾಣದವರಿಂದ ಕಲಿತವರು ಆ ಸಾಲವನ್ನು ಅವರಿಗೇ ತೀರಿಸಲಾರರು, ಮುಂದಿನವನಿಗೆ ಮಾತ್ರ ತೀರಿಸಬಹುದು. ಎದುರಾಳಿ ಬಲಿತಷ್ಟೂ ನನ್ನ ಸೋಲು ಹೆಚ್ಚಬಹುದು, ನಿಜ. ಆದರೆ ಆಡಲು ಬಾರದವನ ಮುಂದೆ ಗೆದ್ದವನಿಗೆ ತಾನು ಎಷ್ಟು ಬಲ್ಲೆ ಎಂಬುದೇ ತಿಳಿಯುವುದಿಲ್ಲ.