ಬೆರಳು ಬಲ್ಲದ್ದು

ಎಪ್ಪತ್ತು ದಾಟಿದ ಮೇಲೆ ನಾನು ಬೆರಳಚ್ಚು ಕಲಿಯಲು ಕುಳಿತಿದ್ದೇನೆ. ಕೇಳಿದವರು ನಗುತ್ತಾರೆ, ನಗಲಿ. ಈ ವಯಸ್ಸಿನಲ್ಲಿ ಗೀತೆಯನ್ನೋ ಉಪನಿಷತ್ತನ್ನೋ ಮುಂದಿಟ್ಟುಕೊಳ್ಳುವುದು ವಾಡಿಕೆ. ನನ್ನ ಮುಂದಿರುವುದು ಕಂಪ್ಯೂಟರಿನ ಕೀಲಿಮಣೆ. ಒಂದು ಕಾಲಕ್ಕೆ ನನ್ನ ಅಕ್ಷರ ದುಂಡಗಿದೆಯೆಂದು ಹೆಸರಾಗಿತ್ತು. ಈಗ ಕೈ ನಡುಗುತ್ತದೆ. ರಾತ್ರಿ ಬರೆದದ್ದನ್ನು ಬೆಳಗ್ಗೆ ನಾನೇ ಓದಲಾರೆ. ಪತ್ರಿಕೆಯವರಿಗಂತೂ ಕೈಬರಹ ಬೇಡವೇ ಬೇಡ. ಕೆಲವು ಕಾಲ ಎರಡು ತೋರುಬೆರಳುಗಳಿಂದ, ಕೋಳಿ ಕಾಳು ಹೆಕ್ಕುವ ಹಾಗೆ, ಕುಟ್ಟಿ ನೋಡಿದೆ. ಅದನ್ನು ಕಂಡ ಮೊಮ್ಮಗಳು, “ಹತ್ತು ಬೆರಳು ಇಟ್ಟುಕೊಂಡು ಎರಡಕ್ಕೆ ಮಾತ್ರ ಕೆಲಸ ಕೊಟ್ಟರೆ ಹೇಗೆ ತಾತ?” ಎಂದಳು. ಮೂವತ್ತು ವರ್ಷ ಕಚೇರಿಯಲ್ಲಿ ಕಳೆದ ನನಗೆ ಆ ಮಾತಿನ ಸತ್ಯ ಕೂಡಲೇ ಮನಸ್ಸಿಗೆ ಹತ್ತಿತು.

ಪಾಠದ ಮೊದಲ ನಿಯಮ, ಕೀಲಿಮಣೆಯನ್ನು ನೋಡಬಾರದೆಂಬುದು. ಎಫ್ ಮತ್ತು ಜೆ ಎಂಬ ಎರಡು ಕೀಲಿಗಳ ಮೇಲೆ ಚಿಕ್ಕದೊಂದು ಉಬ್ಬುಗೆರೆಯಿದೆ. ಎಡಗೈಯ ತೋರುಬೆರಳು ಒಂದರ ಮೇಲೆ, ಬಲಗೈಯದು ಇನ್ನೊಂದರ ಮೇಲೆ. ಉಳಿದ ಬೆರಳುಗಳು ಅಕ್ಕಪಕ್ಕದಲ್ಲಿ ಸಾಲಾಗಿ. ಇದು ಬೆರಳುಗಳ ಮನೆ. ಎಲ್ಲಿಗೆ ಹೋದರೂ ತಿರುಗಿ ಇಲ್ಲಿಗೇ ಬರಬೇಕು. ನಾನು ಕಲಿಯುತ್ತಿರುವುದು ಕೆ.ಪಿ. ರಾಯರು ರೂಪಿಸಿದ ಕನ್ನಡ ವಿನ್ಯಾಸ. ನಮ್ಮ ಸರ್ಕಾರ ಒಪ್ಪಿಕೊಂಡದ್ದು, ‘ನುಡಿ’ ತಂತ್ರಾಂಶದಲ್ಲಿ ಇರುವಂಥದು. ಅದರಲ್ಲಿ ಅಕ್ಷರಕ್ಕೆ ಅಕ್ಷರ ಬೆಸೆದು ಒತ್ತು ಮೂಡಿಸುವ ಕೀಲಿ ಎಫ್. ‘ಕನ್ನಡ’ ಎನ್ನುವುದಕ್ಕೆ ಐದು ಸಲ ಒತ್ತಬೇಕು: ಕ, ನ, ಎಫ್, ಮತ್ತೆ ನ, ಕೊನೆಗೆ ಡ. ನಮ್ಮ ಭಾಷೆಯಲ್ಲಿ ಒತ್ತಕ್ಷರಗಳಿಗೆ ಬರವೇ? ಎಡಗೈಯ ತೋರುಬೆರಳಿಗೆ ಮನೆಯಲ್ಲಿ ಕುಳಿತಲ್ಲೇ ಬಿಡುವಿಲ್ಲದ ದುಡಿಮೆ.

ನಾನು ಕದ್ದು ನೋಡುವುದನ್ನು ತಪ್ಪಿಸಲು ಮೊಮ್ಮಗಳು ನನ್ನ ಕೈಗಳ ಮೇಲೆ ಅಡುಗೆಮನೆಯ ಬಟ್ಟೆಯೊಂದನ್ನು ಹೊದಿಸಿದಳು. ಮೊದಲ ತಿಂಗಳು ಹತ್ತು ನಿಮಿಷದ ಕೆಲಸಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಎರಡು ಬೆರಳಿನ ವಿದ್ಯೆ ಕೈಬಿಟ್ಟಿತು, ಹತ್ತು ಬೆರಳಿನ ವಿದ್ಯೆ ಕೈಗೆ ಬರಲಿಲ್ಲ. ಮೂರನೆಯ ತಿಂಗಳ ಒಂದು ಸಂಜೆ ‘ಆದರೆ’ ಎಂಬ ಮಾತು ತಾನಾಗಿ ತೆರೆಯ ಮೇಲೆ ಬಂದು ನಿಂತಿತು. ನಾನು ಅದನ್ನು ಅಕ್ಷರ ಅಕ್ಷರವಾಗಿ ಹುಡುಕಿರಲಿಲ್ಲ. ‘ಆದರೆ’ ಎಂದುಕೊಂಡೆ, ಅದು ಅಲ್ಲಿತ್ತು. ನನ್ನ ಬರವಣಿಗೆಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಬರುವ ಮಾತು ಅದೇ ಆದ್ದರಿಂದ ಬೆರಳುಗಳು ಅದನ್ನೇ ಮೊದಲು ಕಲಿತಿರಬೇಕು.

ಆ ವಾರವೇ ಮೊಮ್ಮಗಳು ಪರೀಕ್ಷೆ ಮಾಡುವವಳಂತೆ, “ಣ ಎಲ್ಲಿದೆ ಹೇಳಿ ತಾತ” ಎಂದಳು. ನನಗೆ ಹೇಳಲಾಗಲಿಲ್ಲ. ಕೈಗಳನ್ನು ಗಾಳಿಯಲ್ಲಿ ಎತ್ತಿ ‘ಹಣ’ ಎಂದು ಒತ್ತುವಂತೆ ಆಡಿಸಿ, ಯಾವ ಬೆರಳು ಎತ್ತ ಹೋಯಿತೆಂದು ನಾನೇ ನೋಡಿ, ಆಮೇಲೆ ಉತ್ತರ ಕೊಟ್ಟೆ. ನನ್ನದೇ ಬೆರಳನ್ನು ನಾನು ಪಕ್ಕದ ಮನೆಯವರನ್ನು ಕೇಳುವ ಹಾಗೆ ಕೇಳಬೇಕಾಯಿತು.

ಇದು ಮುಪ್ಪಿನ ಮರೆವೇನೂ ಅಲ್ಲ. ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯದವರು ಇದನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ್ದಾರೆ. ನಿಮಿಷಕ್ಕೆ ಸರಾಸರಿ 72 ಪದ ಹೊಡೆಯಬಲ್ಲವರ ಮುಂದೆ ಅಕ್ಷರಗಳಿಲ್ಲದ ಕೀಲಿಮಣೆಯ ಚಿತ್ರವಿಟ್ಟು ಅಕ್ಷರಗಳನ್ನು ತುಂಬಲು ಹೇಳಿದರು. 26ರಲ್ಲಿ ಅವರು ಸರಿಯಾಗಿ ತುಂಬಿದ್ದು ಸರಾಸರಿ 15. ದಿನವೂ ಸಾವಿರಾರು ಸಲ ತಪ್ಪಿಲ್ಲದೆ ಮುಟ್ಟುವ ಜಾಗವನ್ನು ಅವರು ತೋರಿಸಲಾರದೆ ಹೋದರು. ಗಿಲ್ಬರ್ಟ್ ರೈಲ್ ಎಂಬ ಇಂಗ್ಲಿಷ್ ತತ್ತ್ವಜ್ಞಾನಿ 1949ರಲ್ಲೇ, ಇಂಥದು ಹೀಗಿದೆ ಎಂದು ಅರಿಯುವುದು ಬೇರೆ, ಮಾಡಲು ಬಲ್ಲವನಾಗುವುದು ಬೇರೆ ಎಂದು ವಾದಿಸಿದ್ದ. ನಮ್ಮ ಅಜ್ಜಿಯಂದಿರಿಗೆ ಇದನ್ನು ಯಾರೂ ಹೇಳಬೇಕಾಗಿರಲಿಲ್ಲ. ರಂಗೋಲಿಗೆ ಎಷ್ಟು ಚುಕ್ಕೆ ಇಡಬೇಕೆಂದು ಕೇಳಿದರೆ, “ಇಟ್ಟು ತೋರಿಸುತ್ತೇನೆ ತಾಳು” ಎನ್ನುತ್ತಿದ್ದರು.

ಇಷ್ಟಕ್ಕೇ ನಿಂತಿದ್ದರೆ ಇದೊಂದು ವಿನೋದದ ವಿಷಯವಾಗಿ ಮುಗಿಯುತ್ತಿತ್ತು. ಅದೇ ವಿಶ್ವವಿದ್ಯಾನಿಲಯದ ಗಾರ್ಡನ್ ಲೋಗನ್ ಮತ್ತು ಮ್ಯಾಥ್ಯೂ ಕ್ರಂಪ್ 2010ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದ ವಿವರ ನನ್ನ ಕಣ್ಣಿಗೆ ಬಿತ್ತು. ನುರಿತ ಬೆರಳಚ್ಚುಗಾರರನ್ನು ಕೂರಿಸಿ ಪದಗಳನ್ನು ಹೊಡೆಯಲು ಹೇಳಿದರು. ಆದರೆ ಯಂತ್ರಕ್ಕೆ ಒಂದು ಕಪಟವನ್ನು ಕಲಿಸಿದ್ದರು. ಅವರು ಸರಿಯಾಗಿ ಹೊಡೆದಾಗ ಅದು ಆಗಾಗ ತೆರೆಯ ಮೇಲೆ ತಪ್ಪನ್ನು ತೋರಿಸುತ್ತಿತ್ತು; ಅವರು ತಪ್ಪಿದಾಗ ಕೆಲವು ಸಲ ಗುಟ್ಟಾಗಿ ತಿದ್ದಿ ಸರಿಯಾದದ್ದನ್ನೇ ತೋರಿಸುತ್ತಿತ್ತು. ಕೇಳಿದಾಗ ಅವರು ತೆರೆಯನ್ನೇ ನಂಬಿದರು. ಯಂತ್ರ ಮಾಡಿದ ತಪ್ಪನ್ನು ತಮ್ಮದೆಂದು ಒಪ್ಪಿಕೊಂಡರು. ಯಂತ್ರ ತಿದ್ದಿಕೊಟ್ಟದ್ದರ ಹೆಗ್ಗಳಿಕೆಯನ್ನೂ ತಾವೇ ಇಟ್ಟುಕೊಂಡರು. ಬೆರಳುಗಳು ಮಾತ್ರ ಮೋಸಹೋಗಲಿಲ್ಲ. ನಿಜವಾಗಿ ತಪ್ಪಿದಾಗ, ತೆರೆ ಏನೇ ತೋರಿಸಲಿ, ಮುಂದಿನ ಒತ್ತಿಗೆ ಮುಂಚೆ ಒಂದು ಕ್ಷಣ ತಡೆದವು. ತಪ್ಪಿಲ್ಲದಾಗ, ತೆರೆಯ ಮೇಲೆ ತಪ್ಪು ಕಂಡರೂ, ತಡೆಯದೆ ಮುಂದಕ್ಕೆ ಹೋದವು.

ನಮ್ಮ ವೇದಾಂತಿಗಳು ಸಾಕ್ಷಿಯನ್ನು ಮನಸ್ಸಿನ ಆಚೆ, ಮೇಲೆಲ್ಲೋ ಹುಡುಕಿದರು. ಇಲ್ಲೊಂದು ಬಡ ಸಾಕ್ಷಿ ಕೆಳಗೆ, ಬೆರಳ ತುದಿಯಲ್ಲಿ ಕುಳಿತಿದೆ. ಅದಕ್ಕೆ ಬಾಯಿಲ್ಲ. ಈ ವಿಷಯ ಓದಿದ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ಕಾರಣ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾನು ಹದಿನೆಂಟರ ಹುಡುಗನಾಗಿದ್ದಾಗ ಟೈಪು ಮತ್ತು ಶಾರ್ಟ್‌ಹ್ಯಾಂಡು ಕಲಿತವನಿಗೆ ಉಪವಾಸವಿಲ್ಲ ಎಂಬ ಮಾತಿತ್ತು. ಬೆಂಗಳೂರಿನ ಬಡಾವಣೆ ಬಡಾವಣೆಯಲ್ಲೂ ಒಂದು ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟು. ಮಹಡಿಯ ಮೇಲೆ ರೆಮಿಂಗ್ಟನ್, ಹಾಲ್ಡಾ, ಗೋದ್ರೆಜ್ ಯಂತ್ರಗಳ ಸಾಲು. ಬೆಳಗಿನ ಆರಕ್ಕೇ ಆಲಿಕಲ್ಲು ಸುರಿದಂಥ ಸದ್ದು. ಸಾಲು ಮುಗಿಯುವಾಗ ಟಿಣ್ ಎನ್ನುವ ಗಂಟೆ. ಎ ಎಸ್ ಡಿ ಎಫ್ ಜಿ ಎಫ್ ಎಂಬ ಮೊದಲ ಪಾಠ ಬೀದಿಯಲ್ಲಿ ಹೋಗುವವರಿಗೂ ಬಾಯಿಪಾಠವಾಗಿತ್ತು. ತಂದೆಯವರು ನನ್ನನ್ನೂ ಸೇರಿಸಲು ನೋಡಿದರು. ನಾನು ಒಲ್ಲೆನೆಂದೆ. ಅದು ಕೈಯ ಕೆಲಸ, ನಾನು ತಲೆಯ ಕೆಲಸಕ್ಕೆ ಹುಟ್ಟಿದವನು ಎಂಬ ಜಂಬ. ಯಾರೋ ಬರೆದದ್ದನ್ನು ಇನ್ನೊಮ್ಮೆ ಒತ್ತುವುದರಲ್ಲಿ ತಿಳಿವಳಿಕೆ ಏನು ಬಂತು? ಈ ಪ್ರಶ್ನೆಗೆ ಉತ್ತರ ಬೇಕಾಗಿಯೇ ಇರಲಿಲ್ಲ. ಕೇಳಿದ ಧಾಟಿಯಲ್ಲೇ ಉತ್ತರವೂ ಇತ್ತು.

ಹೀಗೆ ತಲೆಯ ಕೆಲಸಕ್ಕೆ ಸೇರಿ, 1986ರ ಹೊತ್ತಿಗೆ ಒಂದು ವಿಭಾಗದ ಉಸ್ತುವಾರಿಯಾದೆ. ನಮ್ಮಲ್ಲಿ ಒಬ್ಬರು ಬೆರಳಚ್ಚುಗಾರ್ತಿ ಇದ್ದರು. ನನಗಿಂತ ನಾಲ್ಕೈದು ವರ್ಷ ಚಿಕ್ಕವರು, ಆಗಿನ್ನೂ ತಾತ್ಕಾಲಿಕ ನೌಕರಿ. ನಾನು ಇಂಗ್ಲಿಷಿನಲ್ಲಿ ಕರಡು ಬರೆದು ಕೊಡುವೆ, ಅವರು ಮೂರು ಕಾರ್ಬನ್ ಪ್ರತಿಗಳೊಡನೆ ಹೊಡೆದು ಕೊಡುವರು. ಒಂದಕ್ಷರ ತಪ್ಪಿದರೆ ನಾಲ್ಕು ಹಾಳೆಗಳಲ್ಲೂ ಬೇರೆ ಬೇರೆಯಾಗಿ ಉಜ್ಜಿ ತಿದ್ದಬೇಕಾದ ಕಾಲ. ಅವರು ತಿದ್ದಬೇಕಾಗಿ ಬಂದದ್ದನ್ನು ನಾನು ಕಂಡದ್ದು ಕಡಮೆ.

ಒಂದು ದಿನ ಗುತ್ತಿಗೆದಾರರೊಬ್ಬರಿಗೆ ಹೋದ ಪತ್ರದಲ್ಲಿ 1,86,000 ಎಂದಿರಬೇಕಾದಲ್ಲಿ 1,68,000 ಎಂದಿತ್ತು. ಮೇಲಧಿಕಾರಿ ನನ್ನನ್ನು ಕರೆದು ಗದರಿದರು. ನನ್ನ ಬಾಯಿಂದ ಮೊದಲು ಬಂದ ಮಾತು, “ಟೈಪಿಂಗ್ ಮಿಸ್ಟೇಕು ಸಾರ್.” ಯೋಚಿಸಿ ಹೇಳಿದ ಸುಳ್ಳಲ್ಲ ಅದು. ಕಚೇರಿಯಲ್ಲಿ ತಪ್ಪೆಂಬ ನೀರು ಯಾವಾಗಲೂ ತಗ್ಗಿಗೇ ಹರಿಯುವುದು. ನಾನು ಅಡ್ಡ ನಿಲ್ಲಲಿಲ್ಲ, ಅಷ್ಟೆ. ಹೊಡೆದ ಪತ್ರವನ್ನು ಕರಡಿನೊಡನೆ ತಾಳೆ ನೋಡಿ ಸಹಿಗೆ ಕಳಿಸಬೇಕಾದವನು ನಾನೇ ಎಂಬುದನ್ನು ಯಾರೂ ಕೇಳಲಿಲ್ಲ.

ಅವರನ್ನು ಕರೆದು ಹಾಳೆಯನ್ನು ಮುಂದೆ ಹಿಡಿದೆ. ನೋಡಿದರು. ಅವರು ಆಗ ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ಅದು ನನಗೆ ಉದ್ಧಟತನವೆನಿಸಿತು. “ನನ್ನ ಬೆರಳು ತಪ್ಪಿದ್ದಿದ್ದರೆ ನನಗೆ ಆಗಲೇ ಗೊತ್ತಾಗುತ್ತಿತ್ತು ಸಾರ್.” ನಾನು ನಕ್ಕೆ. “ಹಾಳೆಯ ಮೇಲಿರುವುದು ಸುಳ್ಳೇನು ಹಾಗಾದರೆ?” ಎಂದೆ. ಅವರು ಇನ್ನೊಮ್ಮೆ ಹಾಳೆ ನೋಡಿದರು, ಸುಮ್ಮನಾದರು. ಮೆಮೊ ಹೋಯಿತು. ಇನ್ನು ಮುಂದೆ ಎಚ್ಚರಿಕೆ ವಹಿಸುವುದಾಗಿ ಅವರು ಬರೆದು ಕೊಟ್ಟರು.

ಹನ್ನೊಂದು ದಿನಗಳ ಮೇಲೆ ಬೇರೇನನ್ನೋ ಹುಡುಕುವಾಗ ಕಡತದಲ್ಲಿ ನನ್ನ ಕರಡು ಸಿಕ್ಕಿತು. ನನ್ನ ದುಂಡು ಅಕ್ಷರದಲ್ಲಿ, ಯಾವ ಸಂದೇಹಕ್ಕೂ ಎಡೆಯಿಲ್ಲದಂತೆ, 1,68,000. ಕಡತವನ್ನು ಮುಚ್ಚಿ ದಾರ ಕಟ್ಟಿದೆ.

ಅವರ ನೌಕರಿ ಖಾಯಂ ಆಗುವುದಕ್ಕೆ ಇನ್ನೂ ಒಂದು ವರ್ಷ ಹಿಡಿಯಿತು. ಮೆಮೊ ಅದಕ್ಕೆ ಕಾರಣವೋ ಅಲ್ಲವೋ, ನಾನು ವಿಚಾರಿಸಲಿಲ್ಲ. ವಿಚಾರಿಸದೆ ಇದ್ದದ್ದೂ ಒಂದು ಬಗೆಯ ತಿಳಿವಳಿಕೆಯೇ.

ಆ ಪ್ರಯೋಗವನ್ನು ಓದಿದಾಗ ಮೊದಲು ನನಗೆ ಒಂದು ನೆಪ ಸಿಕ್ಕಿದಂತಾಯಿತು. ಹಾಳೆಯನ್ನು ಕಂಡ ಮನಸ್ಸು ತಪ್ಪನ್ನು ತಾನೇ ತಲೆಯ ಮೇಲೆ ಹಾಕಿಕೊಳ್ಳುತ್ತದೆ. ಅವರೂ ಹಾಗೆಯೇ ಹಾಕಿಕೊಂಡರು. ಇದು ಮನುಷ್ಯ ಸ್ವಭಾವ. ಆದರೆ (ನೋಡಿ, ಬಂದೇ ಬಂತು) ಆ ಪ್ರಯೋಗಶಾಲೆಯಲ್ಲಿ ಮೇಲಧಿಕಾರಿಯಿರಲಿಲ್ಲ, ಮೆಮೊ ಇರಲಿಲ್ಲ, ತಿಂಗಳ ಕೊನೆಗೆ ಬರುವ ಸಂಬಳವಿರಲಿಲ್ಲ. ಅಲ್ಲಿನವರನ್ನು ತೆರೆ ಮೋಸಗೊಳಿಸಿತು. ಇವರು ಮೋಸಹೋಗಿರಲಿಲ್ಲ. ಬಾಯಿಲ್ಲದ ಸಾಕ್ಷಿಗೆ ಒಂದು ಸಲ ಬಾಯಿ ಕೊಟ್ಟು ನೋಡಿದರು. ಕೇಳಬೇಕಾದವನು ನಕ್ಕದ್ದರಿಂದ ಸುಮ್ಮನಾದರು.

“ನನ್ನ ಬೆರಳು ಹೇಳುತ್ತದೆ” ಎಂಬ ಸಾಕ್ಷ್ಯವನ್ನು ಯಾವ ಕಚೇರಿ ಒಪ್ಪೀತು, ಎಂದು ಓದುಗರು ಕೇಳಬಹುದು. ಒಪ್ಪಲಾಗದು, ನಿಜ. ಬರೆದ ಹಾಳೆಯೇ ಪ್ರಮಾಣವಾಗದಿದ್ದರೆ ಲೋಕವ್ಯವಹಾರ ನಡೆಯುವುದಿಲ್ಲ. ಆ ದಿನ ನಾನು ಅವರ ಮಾತನ್ನು ನಂಬಬೇಕಾಗಿತ್ತೆಂದು ನಾನೂ ಹೇಳುವುದಿಲ್ಲ. ಕರಡನ್ನು ತೆಗೆದು ನೋಡುವಷ್ಟು ಮಟ್ಟಿಗೆ ನನಗೆ ಸಂಶಯ ಬರಬೇಕಾಗಿತ್ತು. ನುರಿತವರೊಬ್ಬರು ತಮ್ಮ ಕೈಯ ಬಗ್ಗೆ ಹೇಳಿದ ಮಾತಿಗೆ ಒಂದು ಕಡತ ಬಿಚ್ಚುವಷ್ಟು ಬೆಲೆಯೂ ಇಲ್ಲವೆಂದು ನಾನು ತೀರ್ಮಾನಿಸಿದ್ದು ಆ ದಿನವಲ್ಲ. ತಂದೆಯವರು ಇನ್‌ಸ್ಟಿಟ್ಯೂಟಿಗೆ ಸೇರೆಂದ ದಿನ.

ಇದಕ್ಕಿಂತ ಹೆಚ್ಚಾಗಿ ನನ್ನನ್ನು ಕುಟುಕುವುದು ಪ್ರಯೋಗದ ಇನ್ನರ್ಧ. ನನ್ನ ಇಂಗ್ಲಿಷ್ ಕರಡುಗಳು ಚೊಕ್ಕವಾಗಿರುತ್ತವೆಂದು ಕಚೇರಿಯಲ್ಲಿ ಹೆಸರಿತ್ತು. ಬಡ್ತಿಯ ಕಾಲದಲ್ಲಿ ಆ ಮಾತು ನನ್ನ ವರದಿಯಲ್ಲೂ ಬಂತು. ಕರಡು ಸಿಕ್ಕಿದ ಆ ಮಧ್ಯಾಹ್ನ ಕುತೂಹಲಕ್ಕೆ ಹಿಂದಿನ ಕೆಲವು ಕರಡುಗಳನ್ನು ಪತ್ರಗಳೊಡನೆ ಹೋಲಿಸಿ ನೋಡಿದ್ದೆ. ನಾನು ತಪ್ಪಾಗಿ ಬರೆದ ಕಾಗುಣಿತ ಪತ್ರದಲ್ಲಿ ಸರಿಯಾಗಿತ್ತು. ಕಾಲ ತಪ್ಪಿದ ಕ್ರಿಯಾಪದ ದಾರಿಗೆ ಬಂದಿತ್ತು. ಎರಡು ಸಲ ಬರೆದಿದ್ದ ಒಂದು ವಾಕ್ಯ ಒಂದೇ ಸಲ ಇತ್ತು. ಅವರು ಯಾವತ್ತೂ ಹೇಳಿದವರಲ್ಲ. ನಾನು ಪತ್ರಗಳನ್ನು ಓದುತ್ತಿದ್ದೆ, ನಾನು ಬರೆದದ್ದೆಂದೇ ನಂಬುತ್ತಿದ್ದೆ, ಸಂತೋಷಪಡುತ್ತಿದ್ದೆ. ಯಂತ್ರ ತಿದ್ದಿದ್ದನ್ನು ತಮ್ಮದೆಂದುಕೊಂಡವರಿಗೂ ನನಗೂ ವ್ಯತ್ಯಾಸ ಒಂದೇ: ಅವರಿಗೆ ತಿದ್ದಿದ್ದು ಯಂತ್ರ. ಸರಿಯಾದದ್ದೆಲ್ಲ ನನ್ನ ಹೆಸರಿಗೆ, ತಪ್ಪಿದ್ದು ಒಂದು ಅವರ ಹೆಸರಿಗೆ. ಕರ್ತೃತ್ವವನ್ನು ಕುರಿತು ಶಾಸ್ತ್ರಗಳಲ್ಲಿ ಎಷ್ಟೋ ಚರ್ಚೆಯಿದೆಯಂತೆ. ನಮ್ಮ ವಿಭಾಗದಲ್ಲಿ ಅದು ಹೀಗೆ ಇತ್ಯರ್ಥವಾಗಿತ್ತು.

ಅವರಿಗೆ ಆಮೇಲೆ ಬೇರೆ ಊರಿಗೆ ವರ್ಗವಾಯಿತು. ಈಗ ಎಲ್ಲಿದ್ದಾರೋ ತಿಳಿಯದು. ಬರೆಯಬೇಕೆಂದು ಎರಡು ಸಲ ಹಳೆಯ ಸಹೋದ್ಯೋಗಿಗಳಲ್ಲಿ ವಿಳಾಸ ವಿಚಾರಿಸಿದೆ. ಸಿಗಲಿಲ್ಲವೆಂದಾಗ ಎದೆ ಸ್ವಲ್ಪ ಹಗುರಾದದ್ದನ್ನೂ ಮುಚ್ಚಿಡಬಾರದು.

ಪಾಠ ಮುಂದುವರಿದಿದೆ. ಬಟ್ಟೆ ಈಗ ಬೇಕಾಗುವುದಿಲ್ಲ. ಕೈ ನಡುಗಿದರೂ ಕೀಲಿ ತಿಳಿಯುತ್ತದೆ. ಕಳೆದ ವಾರ ಮೇಲಿನ ಅಂಕಿಗಳ ಸಾಲಿಗೆ ಬಂದೆ. ಅದು ಮನೆಯಿಂದ ಎಲ್ಲಕ್ಕಿಂತ ದೂರ, ಆದ್ದರಿಂದ ಕೊನೆಯ ಪಾಠ. ಅಂದಿನ ಕೆಲವು ಯಂತ್ರಗಳಲ್ಲಿ ಒಂದು ಎಂಬ ಅಂಕಿಗೆ ಕೀಲಿಯೇ ಇರಲಿಲ್ಲ, ಸಣ್ಣ ಎಲ್ ಅಕ್ಷರವನ್ನೇ ಒತ್ತುತ್ತಿದ್ದರು. ಆರು, ಎಂಟು ಮಾತ್ರ ಅಂದು ಇದ್ದಲ್ಲೇ ಇಂದೂ ಇವೆ. ನನ್ನ ಪಾಠದ ಪ್ರಕಾರ ಆರಕ್ಕೆ ಬಲಗೈಯ ತೋರುಬೆರಳು ಎಡಕ್ಕೆ ಓರೆಯಾಗಿ ಚಾಚಬೇಕು. ಎಂಟಕ್ಕೆ ನಡುಬೆರಳು ನೇರ ಮೇಲಕ್ಕೆ. ಮೊಮ್ಮಗಳು ಮಲಗಿದ ಮೇಲೆ, ಕಣ್ಣು ಮುಚ್ಚಿ, ಒಂದು ಎಂಟು ಆರು ಎಂದು ಒತ್ತಿದೆ. ಆಮೇಲೆ ಒಂದು ಆರು ಎಂಟು. ಮತ್ತೆ ಒಂದು ಎಂಟು ಆರು. ಬೆರಳು ಬೇರೆ, ಚಾಚುವ ದಿಕ್ಕು ಬೇರೆ. ನನ್ನಂಥ ನಾಲ್ಕು ತಿಂಗಳ ವಿದ್ಯಾರ್ಥಿಗೂ, ಕಣ್ಣು ತೆರೆಯದೆ, ಯಾವುದು ಯಾವುದೆಂದು ತಿಳಿಯುತ್ತಿತ್ತು.