ಸಂಚಕಾರ

ಮನುಷ್ಯರಿಗಿರುವಂತೆ ಶಬ್ದಗಳಿಗೂ ಏಳುಬೀಳುಗಳುಂಟು. ‘ಸಂಚಕಾರ’ ಎಂಬುದು ಹಾಗೆ ಬಿದ್ದ ಶಬ್ದಗಳಲ್ಲಿ ಒಂದು. ‘ಪ್ರಾಣಕ್ಕೆ ಸಂಚಕಾರ ಬಂತು’, ‘ಕೆಲಸಕ್ಕೆ ಸಂಚಕಾರ ತಂದುಕೊಂಡ’ ಎಂದು ನಾವು ಆಡುತ್ತೇವೆ. ಕೇಡು, ಅಪಾಯ ಎಂಬುದೇ ಅದರ ಅರ್ಥವೆಂದು ನಮ್ಮ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಬರೆಯುತ್ತಾರೆ. ನಾವು ಅಂಕ ಕೊಡುತ್ತೇವೆ. ಆದರೆ ನಿಘಂಟನ್ನು ತೆರೆದರೆ ಇನ್ನೊಂದು ಅರ್ಥ ಕಾಣುತ್ತದೆ. ವ್ಯಾಪಾರ ಕುದುರಿದ ಗುರುತಿಗೆಂದು ಕೊಳ್ಳುವವನು ಮಾರುವವನ ಕೈಯಲ್ಲಿಡುವ ಮುಂಗಡವೇ ಸಂಚಕಾರ. ಸಂಸ್ಕೃತದ ‘ಸತ್ಯಂಕಾರ’ ಶಬ್ದದ ತದ್ಭವವಿದು. ಆಡಿದ ಮಾತನ್ನು ಸತ್ಯವಾಗಿಸುವಂಥದು ಎಂದು ಅದರ ತಾತ್ಪರ್ಯ.

ಮಾತನ್ನು ಸತ್ಯವಾಗಿಸಬೇಕಾದ ಹಣದ ಹೆಸರೇ ಅಪಾಯದ ಹೆಸರಾದುದು ಹೇಗೆ? ಯಮನು ಒಬ್ಬನ ಪ್ರಾಣಕ್ಕೆ ಮುಂಗಡ ಕೊಟ್ಟು ಕಾದಿರಿಸಿದ್ದಾನೆ ಎಂಬ ಕಲ್ಪನೆಯಿಂದ ಈ ಅರ್ಥ ಬಂದಿರಬೇಕು. ಆದರೆ ನಮ್ಮ ನಗರಗಳಲ್ಲಿ ಹೊಸ ಮನೆಗೆ ಮುಂಗಡ ಕೊಟ್ಟು ಕುಳಿತವರ ಮಾತು ಕೇಳಿದ ಮೇಲೆ, ಈ ಅರ್ಥಾಂತರಕ್ಕೆ ಯಮನ ನೆರವೇನೂ ಬೇಕಿರಲಿಲ್ಲ ಎನಿಸುತ್ತದೆ.

ಬದನೆಕಾಯಿಯನ್ನು ಕೊಳ್ಳುವಾಗ ನಾವು ಒತ್ತಿ ನೋಡುತ್ತೇವೆ. ಹಸುವನ್ನು ಕೊಳ್ಳುವ ರೈತ ಹಲ್ಲು ನೋಡುತ್ತಾನೆ. ಕಟ್ಟಿ ಮುಗಿದ ಮನೆಯಾದರೆ ಗೋಡೆ ತಟ್ಟಿ ನೋಡಬಹುದು, ನಲ್ಲಿ ತಿರುಗಿಸಿ ನೋಡಬಹುದು. ಇನ್ನೂ ಏಳದ ಮನೆಯಲ್ಲಿ ಏನನ್ನು ನೋಡುವುದು? ನಕ್ಷೆಯನ್ನು, ಬಣ್ಣದ ಚಿತ್ರವನ್ನು, ಹೇಳುವವನ ಮುಖವನ್ನು. ಮನೆ ಇನ್ನೂ ಬರಿಯ ಮಾತು. ಹಣ ಮಾತ್ರ ನಿಜ. ಕೊಟ್ಟ ದಿನದಿಂದ ಬೀಗದ ಕೈ ಸಿಕ್ಕುವ ದಿನದವರೆಗೆ ಆ ಹಣ ಯಾರದು? ಕೊಟ್ಟವನ ಕೈಯಲ್ಲಿ ಅದಿಲ್ಲ. ಪಡೆದವನು ಅದಕ್ಕೆ ತಕ್ಕುದನ್ನು ಇನ್ನೂ ಕೊಟ್ಟಿಲ್ಲ. ವಕೀಲರಿಗೆ ಬಿಟ್ಟ ಪ್ರಶ್ನೆಯಂತೆ ಇದು ಕಂಡರೂ, ಬುಡದಲ್ಲಿ ಧರ್ಮದ ಪ್ರಶ್ನೆ.

ನಮ್ಮ ಹಿಂದಿನವರು ಇದನ್ನು ಯೋಚಿಸದೆ ಬಿಡಲಿಲ್ಲ. ಸತ್ಯಂಕಾರವಾಗಿ ಪಡೆದುದನ್ನು ಎರಡರಷ್ಟಾಗಿ ಹಿಂದಿರುಗಿಸಬೇಕೆಂದು ಯಾಜ್ಞವಲ್ಕ್ಯಸ್ಮೃತಿ ವಿಧಿಸುತ್ತದೆ. ಆ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರ ನಮ್ಮ ನಾಡಿನವನು. ಕಲ್ಯಾಣದಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಅವನು ಕೊಡುವ ಉದಾಹರಣೆ ಬೆರಳಿನ ಉಂಗುರದ್ದು. ಕ್ರಯವಿಕ್ರಯದ ಮಾತು ನಿಲ್ಲಲೆಂದು ಒಬ್ಬನು ತನ್ನ ಉಂಗುರವನ್ನು ಇನ್ನೊಬ್ಬನ ಕೈಯಲ್ಲಿಡುತ್ತಾನೆ. ಕೊಟ್ಟವನೇ ಮಾತಿಗೆ ತಪ್ಪಿದರೆ ಉಂಗುರ ಹೋಯಿತು. ಪಡೆದವನು ತಪ್ಪಿದರೆ ಅದರ ಎರಡರಷ್ಟನ್ನು ಅವನು ತೆರಬೇಕು.

ಒಂದೇ ಉಂಗುರ ಇಬ್ಬರನ್ನೂ ಕಟ್ಟುತ್ತದೆ ಎಂಬುದನ್ನು ಗಮನಿಸಬೇಕು. ಕೊಟ್ಟವನಿಗೆ ಮಾತ್ರ ನಷ್ಟ, ಪಡೆದವನಿಗೆ ಏನೂ ಇಲ್ಲ ಎಂದಾದರೆ ಅದು ಸತ್ಯಂಕಾರವಾಗುವುದಿಲ್ಲ. ಈ ಸರಳವಾದ ನ್ಯಾಯ ನಡುವೆ ಎಲ್ಲಿಯೋ ಮರೆತುಹೋಯಿತು. ೨೦೧೯ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಒಂದು ಮೊಕದ್ದಮೆಯ ಕರಾರನ್ನು ನೋಡಿ: ಕೊಳ್ಳುವವನು ಕಂತು ತಡಮಾಡಿದರೆ ನೂರಕ್ಕೆ ೧೮ರ ಬಡ್ಡಿ, ಕಟ್ಟುವವನು ಮನೆ ತಡಮಾಡಿದರೆ ೯. ಇಂಥ ಒಮ್ಮುಖದ ಕರಾರು ಅನ್ಯಾಯದ ವ್ಯಾಪಾರವೆಂದು ನ್ಯಾಯಾಲಯ ಹೇಳಿತು. ಕಲ್ಯಾಣದ ಪಂಡಿತನೂ ಬಹುಶಃ ಅದನ್ನೇ ಹೇಳುತ್ತಿದ್ದ.

ಸ್ಮೃತಿಕಾರರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ನಂಬಿ ಇಟ್ಟ ಒಡವೆಗೆ ‘ನಿಕ್ಷೇಪ’, ‘ಉಪನಿಧಿ’ ಎಂದು ಹೆಸರಿಟ್ಟರು. ಕಳ್ಳರಿಂದಲೋ ದೈವದಿಂದಲೋ ಅದು ನಷ್ಟವಾದರೆ ಇರಿಸಿಕೊಂಡವನ ತಪ್ಪಿಲ್ಲ. ಆದರೆ ತನ್ನ ಇಚ್ಛೆಯಿಂದ ಅದನ್ನು ಬಳಸಿ ಬಾಳಿದವನು ದಂಡಕ್ಕೆ ಅರ್ಹ, ಬಡ್ಡಿ ಸಹಿತ ಹಿಂದಿರುಗಿಸಬೇಕು ಎಂದರು. ಇಂದಿನ ಮನೆಗಳ ವಿಷಯದಲ್ಲಿ ನಡೆಯುವುದು ಹೆಚ್ಚಾಗಿ ಇದೇ. ಹಣ ತೆಗೆದುಕೊಂಡು ರಾತ್ರೋರಾತ್ರಿ ಓಡಿಹೋಗುವವರು ಕೆಲವರಿರಬಹುದು. ಉಳಿದವರು ಈ ಮನೆಯವರ ಹಣದಿಂದ ಇನ್ನೊಂದು ಕಡೆ ನೆಲ ಕೊಳ್ಳುತ್ತಾರೆ. ಆ ಕಡೆಯವರ ಹಣದಿಂದ ಈ ಮನೆಯ ಮೇಲ್ಛಾವಣಿ ಹಾಕಬಹುದೆಂದು ಎಣಿಸುತ್ತಾರೆ. ಎಣಿಕೆ ಸರಿಹೋದರೆ ಜಾಣರೆನಿಸುತ್ತಾರೆ. ತಪ್ಪಿದಾಗ ಕೆಡುವುದು ಅವರ ಹಣವಲ್ಲ.

ಈ ದಾರಿಯನ್ನು ಕಟ್ಟಲೆಂದೇ ೨೦೧೬ರಲ್ಲಿ ರಿಯಲ್ ಎಸ್ಟೇಟ್ ಕಾಯಿದೆ ಬಂತು. ಜನ ಅದನ್ನು ‘ರೇರಾ’ ಎನ್ನುತ್ತಾರೆ. ೨೦೧೭ರ ಮೇ ಒಂದರಿಂದ ಅದು ಪೂರ್ಣವಾಗಿ ಜಾರಿಯಲ್ಲಿದೆ. ಕೊಳ್ಳುವವರಿಂದ ಬಂದ ಹಣದಲ್ಲಿ ನೂರಕ್ಕೆ ೭೦ ಭಾಗವನ್ನು ಆ ಕಟ್ಟಡದ್ದೇ ಆದ ಬೇರೆ ಬ್ಯಾಂಕ್ ಖಾತೆಯಲ್ಲಿಡಬೇಕು. ಆ ನೆಲಕ್ಕೆ, ಆ ಕಟ್ಟಡಕ್ಕೆ ಮಾತ್ರ ಬಳಸಬೇಕು. ಎಂಜಿನಿಯರು, ವಾಸ್ತುಶಿಲ್ಪಿ, ಲೆಕ್ಕಪರಿಶೋಧಕ ಮೂವರೂ ಕೆಲಸ ಇಷ್ಟಾಗಿದೆ ಎಂದು ದೃಢಪಡಿಸಿದಷ್ಟೇ ತೆಗೆಯಬೇಕು. ನೋಂದಾಯಿತ ಕರಾರುಪತ್ರವಾಗುವ ಮೊದಲು ಬೆಲೆಯ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಒಪ್ಪಿದ ದಿನಕ್ಕೆ ಮನೆ ಕೊಡದಿದ್ದರೆ ಕೊಂಡವನು ಹಿಂದೆಗೆದು ಬಡ್ಡಿ ಸಹಿತ ಹಣ ಕೇಳಬಹುದು; ಕಾಯುತ್ತೇನೆ ಎಂದರೆ ತಡವಾದ ತಿಂಗಳು ತಿಂಗಳಿಗೂ ಬಡ್ಡಿ ಪಡೆಯಬಹುದು. ಆ ಬಡ್ಡಿಯ ದರ ಎರಡು ಕಡೆಗೂ ಒಂದೇ. ಉಂಗುರದ ನ್ಯಾಯ ಹೀಗೆ ಮರಳಿ ಬಂದಿತು.

ಆದರೆ ಕಾಯಿದೆಯ ಬೇಲಿಗೂ ಒಂದು ಕಡೆ ತೆರಪಿದೆ. ೫೦೦ ಚದರ ಮೀಟರನ್ನು ಮೀರದ ನೆಲದಲ್ಲಿ, ಅಥವಾ ಎಂಟನ್ನು ಮೀರದ ಮನೆಗಳಿರುವಂತೆ ಕಟ್ಟುವವರಿಗೆ ರೇರಾ ನೋಂದಣಿಯ ಕಡ್ಡಾಯವಿಲ್ಲ. ನಮ್ಮ ಬಡಾವಣೆಗಳ ನಲವತ್ತು ಅರವತ್ತರ ನಿವೇಶನ ಇದರ ಅರ್ಧಕ್ಕಿಂತಲೂ ಕಡಮೆ. ಮಧ್ಯಮ ವರ್ಗದವರು ಕೊಳ್ಳಹೋಗುವುದು ಅನೇಕ ವೇಳೆ ಅಂಥ ಕಡೆಯೇ. ಅಲ್ಲಿ ಕಟ್ಟುವವನು ಸಾಮಾನ್ಯವಾಗಿ ಪರಿಚಿತ.

ನಿವೃತ್ತರಾದ ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಹೀಗೆ ಆರು ಮನೆಗಳ ಕಟ್ಟಡವೊಂದರಲ್ಲಿ ಒಂದಕ್ಕೆ ಹದಿನೆಂಟು ಲಕ್ಷ ಮುಂಗಡ ಕೊಟ್ಟರು. ಕಟ್ಟುತ್ತಿದ್ದವನು ಅವರ ಹಳೆಯ ಶಿಷ್ಯ. ಕರಾರುಪತ್ರವಾಗಲಿಲ್ಲ, ಒಂದು ತುಂಡು ಕಾಗದದಲ್ಲಿ ಮೊತ್ತ ಬರೆದು ರುಜು ಹಾಕಿದ್ದನಷ್ಟೆ. ಎರಡನೆಯ ಅಂತಸ್ತಿನ ತಾರಸಿಗೆ ಕೆಲಸ ನಿಂತಿತು. ಹಣ ಬೇರೊಂದು ನಿವೇಶನಕ್ಕೆ ಹೋಗಿತ್ತು; ಆ ನಿವೇಶನ ವ್ಯಾಜ್ಯದಲ್ಲಿ ಸಿಕ್ಕಿತ್ತು. ಶಿಷ್ಯ ಇಂದಿಗೂ ಎದುರಾದರೆ ಅವರ ಕಾಲು ಮುಟ್ಟಿ ನಮಸ್ಕರಿಸುತ್ತಾನೆ. “ಹುಡುಗ ಕೆಟ್ಟವನಲ್ಲ ಕಣ್ರೀ. ಪಾಠ ಹೇಳಿದವನು ನಾನು, ಅವನ ಹತ್ತಿರ ಪತ್ರ ಕೇಳೋದಕ್ಕೆ ನಾಚಿಕೆ ಆಯಿತು” ಎಂದು ಅವರು ನನಗೆ ಹೇಳುತ್ತಿದ್ದಾಗ, ಕಾಫಿ ತಂದಿಟ್ಟ ಅವರ ಮನೆಯಾಕೆ, “ನಾಚಿಕೆ ನಿಮ್ಮದು. ಮಾರಿದ ಬಳೆ ನನ್ನವು” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ದಾಕ್ಷಿಣ್ಯವನ್ನು ನಾವು ಗುಣವೆಂದೇ ಎಣಿಸುತ್ತೇವೆ. ಆದರೆ ದಾಕ್ಷಿಣ್ಯಕ್ಕೆ ತೆರುವ ಬೆಲೆ ನಮ್ಮೊಬ್ಬರದೇ ಆಗಿದ್ದಾಗ ಮಾತ್ರ ಅದು ಗುಣ. ಮನೆಯ ಮುಂಗಡ ಒಬ್ಬನ ಹಣವಾಗಿರುವುದು ಅಪರೂಪ. ಅದರಲ್ಲಿ ಹೆಂಡತಿಯ ಒಡವೆಯಿರುತ್ತದೆ, ಊರಿನ ಗದ್ದೆ ಮಾರಿದ್ದಿರುತ್ತದೆ, ಮಗ ತೀರಿಸಬೇಕಾದ ಸಾಲವಿರುತ್ತದೆ. ಇನ್ನೊಬ್ಬರ ಪಾಲನ್ನು ಹಿಡಿದವನು ಸಂಕೋಚಪಟ್ಟು ಸುಮ್ಮನಿದ್ದರೆ, ಅದು ಔದಾರ್ಯವೆನಿಸುವುದಿಲ್ಲ.

ನಂಬಿಕೆಯಿದ್ದಲ್ಲಿ ಕಾಗದವೇಕೆ ಎಂದು ಕೇಳುವವರುಂಟು. ಮೂವತ್ತು ವರ್ಷದ ಪರಿಚಯದ ಅಂಗಡಿಯವನೂ ಅಕ್ಕಿಯನ್ನು ತೂಗಿಯೇ ಕೊಡುತ್ತಾನೆ. ತಕ್ಕಡಿ ತೆಗೆದನೆಂದು ನಾವು ಮುನಿಯುವುದಿಲ್ಲ. ನೋಡುತ್ತ ನಿಂತೆವೆಂದು ಅವನೂ ನೊಂದುಕೊಳ್ಳುವುದಿಲ್ಲ. ತಕ್ಕಡಿಯಿರುವುದರಿಂದಲೇ ಆ ಸ್ನೇಹ ಮೂವತ್ತು ವರ್ಷ ಉಳಿದಿದೆ. ಪತ್ರವೂ ಹಾಗೆ. ಕೊಟ್ಟ ಮಾತನ್ನು ಮನುಷ್ಯ ಮೋಸದಿಂದ ಮಾತ್ರ ಮುರಿಯುವುದಿಲ್ಲ. ಮರೆವಿನಿಂದ ಮುರಿಯುತ್ತಾನೆ, ನಷ್ಟಬಿದ್ದು ಮುರಿಯುತ್ತಾನೆ, ಸತ್ತೂ ಮುರಿಯುತ್ತಾನೆ. ತಂದೆ ಬಾಯಲ್ಲಿ ಹೇಳಿದ್ದು ಮಗನಿಗೆ ಹೇಗೆ ತಿಳಿಯಬೇಕು?

ಆದ್ದರಿಂದ ಕೊಳ್ಳುವವರು ಸಂಕೋಚವಿಲ್ಲದೆ ಕೇಳಬೇಕು. ದೊಡ್ಡ ಕಟ್ಟಡವಾದರೆ ರೇರಾ ನೋಂದಣಿಯ ಸಂಖ್ಯೆಯನ್ನೂ, ಹಣ ಸೇರುವ ಖಾತೆಯನ್ನೂ ಕೇಳಿ ತಾಳೆ ನೋಡಬೇಕು. ಸಣ್ಣದಾದರೆ ನೆಲದ ಮೂಲಪತ್ರಗಳನ್ನೂ ಋಣಭಾರ ಪತ್ರವನ್ನೂ ವಕೀಲರಿಗೆ ತೋರಿಸಬೇಕು, ನಗದನ್ನು ಕೈಯಾರೆ ಕೊಡದೆ ಬ್ಯಾಂಕಿನ ಮೂಲಕ ಕೊಡಬೇಕು, ಕರಾರನ್ನು ನೋಂದಾಯಿಸಬೇಕು, ಕೆಲಸ ಏರಿದಂತೆ ಕಂತು ಏರಬೇಕು. ೧೮೮೨ರ ಆಸ್ತಿ ವರ್ಗಾವಣೆ ಕಾಯಿದೆ, ಕೊಳ್ಳುವವನು ಕ್ರಮವಾಗಿ ಸಲ್ಲಿಸಿದ ಹಣಕ್ಕೆ ಆ ಸ್ವತ್ತಿನ ಮೇಲೆಯೇ ಹೊಣೆ ಹೊರಿಸುತ್ತದೆ. ಆದರೆ ಸಲ್ಲಿಸಿದ್ದಕ್ಕೆ ಗುರುತು ಬೇಕಲ್ಲವೇ? ಇಷ್ಟೆಲ್ಲ ಮಾಡಿದ ಮೇಲೂ ಹಣ ತಡವಾಗಬಹುದು. ಹಿಂದಿರುಗಿಸೆಂಬ ಆದೇಶ ಕೈಗೆ ಬಂದಷ್ಟು ಬೇಗ ಹಣ ಬರುವುದಿಲ್ಲ. ಬಾಕಿಯನ್ನು ಕಂದಾಯದಂತೆ ವಸೂಲು ಮಾಡಲು ಕಾಯಿದೆಯಲ್ಲಿ ಅವಕಾಶವಿದ್ದರೂ, ಅದಕ್ಕೆ ಅಲೆಯುವ ಚಪ್ಪಲಿ ಕೊಂಡವನದೇ.

ಇಷ್ಟಾದರೂ, ಕೇಳುವ ಭಾರವನ್ನೆಲ್ಲ ಕೊಳ್ಳುವವನ ಮೇಲೆಯೇ ಹೊರಿಸುವುದು ಸರಿಯಲ್ಲವೆಂದು ನನಗೆ ತೋರುತ್ತದೆ. ನಮ್ಮಲ್ಲಿ ಸಾಲದ ಪತ್ರವನ್ನು ಬರೆದುಕೊಡುವವನು ಸಾಲ ಪಡೆದವನು. ಮನೆಯ ಮುಂಗಡಕ್ಕೂ ಆ ಮರ್ಯಾದೆ ಸಲ್ಲಬೇಕು. ಗುರುವಿನ ಕಾಲು ಮುಟ್ಟುವ ಶಿಷ್ಯ ಮೊದಲ ದಿನವೇ, ಅವರು ಬೇಡವೆಂದರೂ ಬಿಡದೆ, ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿದ್ದರೆ ಅದೇ ನಿಜವಾದ ನಮಸ್ಕಾರವಾಗುತ್ತಿತ್ತು.